ರ್ಯಾಮ್ ಹೆಚ್ಚಿಸಬಹುದು ಅಂತ ಹೇಳಿ ಕೊಟ್ಟ ಮಿನಿ ಪಿಸಿ: ಬದಲಿಸಿಕೊಡಿ, ಇಲ್ಲವೇ ಹಣ ವಾಪಸ್ ಕೊಡಿ

ದಾವಣಗೆರೆ
24 ನವೆಂಬರ್ 2025

ಗೆ,
ಮಾಲೀಕರು,
ಕಂಪ್ಯೂಟರ್ ಮಾರಾಟ ಮಳಿಗೆ,
ದಾವಣಗೆರೆ

ವಿಷಯ: 8 ನವೆಂಬರ್ 2025ರಂದು ಕೊಂಡ ಮಿನಿ ಪಿಸಿ ಬಗ್ಗೆ ದೂರು

ಮಾನ್ಯರೇ,

ನವೆಂಬರ್ 8ರ ಶನಿವಾರ ನಿಮ್ಮ ಅಂಗಡಿಯಲ್ಲಿ 17,500 ರೂಪಾಯಿ ಕೊಟ್ಟು ಒಂದು ಮಿನಿ ಪಿಸಿ ತಗೊಂಡೆ. ಇದರ ರ್ಯಾಮ್ (ತೆರೆದ ಕೆಲಸಗಳನ್ನು ಹಿಡಿದಿಡುವ ಮೆಮೊರಿ) ಮುಂದೆ ಹೆಚ್ಚಿಸಬಹುದು ಅಂತ ನಿಮ್ಮ ಕೌಂಟರಿನಲ್ಲಿ ಹೇಳಿದ್ದರು. ಹೆಚ್ಚಿಸಲು ಬರುವುದೇ ಇಲ್ಲ. ಎರಡು ಸಲ ಬಂದು ಕೇಳಿದರೂ ವಾಪಸ್ ತಗೊಳ್ಳಲಿಲ್ಲ. ಅದಕ್ಕೇ ಈಗ ಬರೆದು ಕೊಡುತ್ತಿದ್ದೇನೆ.

ನಾನು ನಿಟುವಳ್ಳಿಯ ಮನೆಯಲ್ಲೇ ಕೂತು ನಾಲ್ಕು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಒಂದು ಬಟ್ಟೆ ಅಂಗಡಿ, ಒಂದು ಹಾರ್ಡ್‌ವೇರ್, ಎರಡು ಗೊಬ್ಬರದ ಅಂಗಡಿ. ಹತ್ತು ವರ್ಷ ಒಂದೇ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದೆ. 2015ರದ್ದು, ಐದನೇ ಪೀಳಿಗೆಯ ಇಂಟೆಲ್ ಐ3 ಪ್ರೊಸೆಸರಿನದ್ದು. ಪರದೆಯ ಕೀಲು ಮುರಿದ ಮೇಲೂ ಗೋಡೆಗೆ ಒರಗಿಸಿಟ್ಟುಕೊಂಡು ನಡೆಸಿದೆ. ಆದರೆ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ಪೀಳಿಗೆಯಿಂದ ಈಚಿನದ್ದೇ ಬೇಕು, ನನ್ನದಕ್ಕೆ ಅದು ಕೂರುವುದಿಲ್ಲ. ನಾಲ್ಕು ಅಂಗಡಿಯವರ ಜಿಎಸ್‌ಟಿ ಲಾಗಿನ್ ನನ್ನ ಹತ್ತಿರ ಇದೆ. ನಂಬಿ ಕೊಟ್ಟಿದ್ದಾರೆ. ಸೆಕ್ಯುರಿಟಿ ಅಪ್‌ಡೇಟ್ ಬಾರದ ಯಂತ್ರದಲ್ಲಿ ಅದನ್ನು ಇಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಇನ್ನೊಂದು ಲ್ಯಾಪ್‌ಟಾಪ್ ಯಾಕೆ ತಗೊಳ್ಳಲಿಲ್ಲ ಅಂದರೆ, ಈಗ ಬರುವ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಮಾಡೆಲ್‌ಗಳ ರ್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ನಾನು ಎಲ್ಲಿಗೂ ಹೊತ್ತುಕೊಂಡು ಹೋಗುವವಳಲ್ಲ. ಮಾನಿಟರ್ ಮನೆಯಲ್ಲೇ ಇತ್ತು. ಮೇಜು ಹಳೇ ಹೊಲಿಗೆ ಯಂತ್ರದ್ದು, ಜಾಗ ಕಡಿಮೆ. ಮಾನಿಟರ್ ಹಿಂದೆ ಸಿಕ್ಕಿಸುವ ಸಣ್ಣ ಡಬ್ಬ ತಗೊಂಡರೆ, ಈಗ 8 ಜಿಬಿಯಲ್ಲಿ ಶುರು ಮಾಡಿ, ಕೈಯಲ್ಲಿ ದುಡ್ಡಾದಾಗ 16 ಮಾಡಿಸಿಕೊಳ್ಳಬಹುದು. ಈ ಒಂದು ಕಾರಣಕ್ಕೇ ನಾನು ಮಿನಿ ಪಿಸಿ ಆರಿಸಿದ್ದು.

ಇದನ್ನೇ ನಿಮ್ಮ ಕೌಂಟರಿನಲ್ಲೂ ಹೇಳಿದೆ. ಮರೆಯಬಾರದು ಅಂತ ಕ್ಯಾಲೆಂಡರ್ ಹಾಳೆಯ ಹಿಂದೆ ಪ್ರಶ್ನೆ ಬರೆದುಕೊಂಡು ಬಂದಿದ್ದೆ. ಮೊದಲನೆಯದೇ "ರ್ಯಾಮ್ ಆಮೇಲೆ ಹೆಚ್ಚಿಸಬಹುದಾ?" ನಿಮ್ಮ ಹುಡುಗ ಹಾಳೆ ಕೈಗೆ ತಗೊಂಡು ಓದಿ, "ಯಾವಾಗ ಬೇಕಾದ್ರೂ ಬನ್ನಿ ಅಕ್ಕಾ, ಇನ್ನೊಂದು 8 ಹಾಕಿಕೊಡ್ತೀವಿ" ಅಂದ. ಆ ಪ್ರಶ್ನೆಯ ಮುಂದೆ ಅವನ ಎದುರಿಗೇ ಟಿಕ್ ಹಾಕಿಕೊಂಡೆ. ಹಾಳೆ ಈಗಲೂ ನನ್ನ ಹತ್ತಿರ ಇದೆ.

ನವೆಂಬರ್ 11 ಜಿಎಸ್‌ಟಿಆರ್-1 ಅನ್ನುವ ಮಾರಾಟದ ವಿವರದ ರಿಟರ್ನ್ ಸಲ್ಲಿಸಲು ಕೊನೇ ದಿನ. ದೀಪಾವಳಿ ತಿಂಗಳ ಬಿಲ್ಲುಗಳು, ಬಟ್ಟೆ ಅಂಗಡಿಯದ್ದೇ ರಾಶಿ. ಲೆಕ್ಕ ಬರೆಯುವ ಟ್ಯಾಲಿ, ಎಕ್ಸೆಲ್, ಬ್ರೌಸರಿನಲ್ಲಿ ಜಿಎಸ್‌ಟಿ ಪೋರ್ಟಲ್, ಪಕ್ಕದಲ್ಲಿ 'ನುಡಿ' ಕನ್ನಡ ತಂತ್ರಾಂಶದಲ್ಲಿ ಒಂದು ಪತ್ರ. ಇಷ್ಟು ತೆರೆದರೆ ಸಾಕು, ಮೆಮೊರಿ ಶೇಕಡಾ 92 ತೋರಿಸುತ್ತಿತ್ತು. ಸಂಖ್ಯೆ ಒತ್ತಿ ಒಂದು ಉಸಿರು ಎಳೆದು ಬಿಟ್ಟ ಮೇಲೆ ಪರದೆಗೆ ಬರುತ್ತಿತ್ತು. ಬಂದಿಲ್ಲ ಅಂತ ಇನ್ನೊಮ್ಮೆ ಒತ್ತಿದರೆ 450 ಇದ್ದದ್ದು 4500 ಆಗುತ್ತಿತ್ತು. ಎರಡು ಬಿಲ್ಲಿನಲ್ಲಿ ಹಾಗೇ ಆಗಿ, ರಾತ್ರಿ ಹನ್ನೊಂದರವರೆಗೆ ಕೂತು ಹುಡುಕಿ ತಿದ್ದಿದೆ. ಆಗ 8 ಜಿಬಿ ಸಾಲದು, ರ್ಯಾಮ್ ಈಗಲೇ ಹೆಚ್ಚಿಸಬೇಕು ಅಂತ ತೀರ್ಮಾನ ಮಾಡಿದೆ.

16ರ ಭಾನುವಾರ ನಮ್ಮಕ್ಕನ ಮಗ ಬಂದಿದ್ದ, ಇಂಜಿನಿಯರಿಂಗ್ ಓದುತ್ತಾನೆ. ಯಾವ ರ್ಯಾಮ್ ತರಬೇಕು ನೋಡು ಅಂದೆ. ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿ ಪುಟ ತೋರಿಸಿದ. ತೆಗೆದು ಹಾಕುವ ರ್ಯಾಮ್ ಇದ್ದರೆ ಫಾರ್ಮ್ ಫ್ಯಾಕ್ಟರ್ ಅನ್ನುವಲ್ಲಿ 'ಎಸ್‌ಒಡಿಐಎಂಎಂ' ಅಂತ ಇರಬೇಕಂತೆ. ಇದರಲ್ಲಿ 'ರೋ ಆಫ್ ಚಿಪ್ಸ್' ಅಂತ ಇತ್ತು. "ಚಿಕ್ಕಮ್ಮ, ಇದು ಬೋರ್ಡಿಗೇ ಬೆಸೆದಿರೋದು, ಏನೂ ಮಾಡೋಕಾಗಲ್ಲ" ಅಂದ. ಅವನು ಇನ್ನೊಂದು ಮಾತೂ ಹೇಳಿದ. ಈ ಎನ್100 ಪ್ರೊಸೆಸರಿಗೆ ಮೆಮೊರಿ ಚಾನೆಲ್ (ರ್ಯಾಮಿಗೆ ಹೋಗುವ ದಾರಿ) ಒಂದೇ. ರ್ಯಾಮ್ ಸಿಕ್ಕಿಸುವ ಸ್ಲಾಟ್ ಇರುವ ಡಬ್ಬಗಳಲ್ಲೂ ಸಾಮಾನ್ಯವಾಗಿ ಒಂದೇ ಸ್ಲಾಟ್ ಇರುತ್ತದೆ, 8 ತೆಗೆದು 16 ಹಾಕಬೇಕು. ಹಾಗಾದರೆ "ಇನ್ನೊಂದು 8 ಹಾಕಿಕೊಡ್ತೀವಿ" ಅನ್ನುವ ಮಾತು ಎಲ್ಲಿಂದ ಬಂತು? ಮಾರುವ ವಸ್ತುವನ್ನು ಒಮ್ಮೆ ನೋಡಿ ಹೇಳಬೇಕಿತ್ತು, ಅಲ್ವಾ?

ಸೋಮವಾರ ಡಬ್ಬ ತಗೊಂಡು ನಿಮ್ಮಲ್ಲಿಗೆ ಬಂದೆ. ನಿಮ್ಮ ಟೆಕ್ನಿಷಿಯನ್ ನನ್ನ ಎದುರೇ ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿದರು. ಎಸ್‌ಎಸ್‌ಡಿ (ಫೈಲುಗಳನ್ನು ಉಳಿಸಿಡುವ ಭಾಗ) ಮಾತ್ರ ಸ್ಲಾಟಿನಲ್ಲಿತ್ತು. "ರ್ಯಾಮ್ ಸ್ಲಾಟ್ ಇಲ್ಲ ಮೇಡಂ, ಕಂಪನಿಯಿಂದಲೇ ಹಿಂಗೆ ಬಂದಿದೆ" ಅಂದರು. ಬಿಲ್ ತೋರಿಸಿ ಕೇಳಿದಾಗ ಅದರ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು: "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ." 22ರಂದು ಮತ್ತೆ ಬಂದೆ. ನೀವು ಇರಲಿಲ್ಲ. ಅದೇ ಉತ್ತರ ಸಿಕ್ಕಿತು.

ಆ ಬಿಲ್ಲಿನಲ್ಲಿ ಇರುವುದು ಇಷ್ಟೇ: "ಮಿನಿ ಪಿಸಿ 8/256." ಮಾಡೆಲ್ ಇಲ್ಲ, ಯಾವ ರ್ಯಾಮ್ ಅಂತ ಇಲ್ಲ. ಬರೆದಿದ್ದರೆ ನಾನೇ ಮನೆಗೆ ಹೋಗಿ ನೋಡಿ ಮರುದಿನವೇ ಬರುತ್ತಿದ್ದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿಸಿ ತಿಳಿದುಕೊಂಡಿದ್ದೇನೆ. ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ವಸ್ತುವಿನಲ್ಲಿ ಇಲ್ಲದಿದ್ದರೆ ಅದನ್ನೂ ದೋಷ ಅಂತಲೇ ಕಾಯ್ದೆ ಎಣಿಸುತ್ತದೆ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. "ಕೆಲಸಕ್ಕೆ ತಗೊಂಡಿದ್ದು, ನೀವು ಗ್ರಾಹಕರಲ್ಲ" ಅಂತಲೂ ನೀವು ನನಗೆ ಹೇಳಲು ಬರುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರೂ ಈ ಕಾಯ್ದೆಯಲ್ಲಿ ಗ್ರಾಹಕರೇ.

ಯಂತ್ರ ಕೆಟ್ಟದ್ದು ಅಂತ ನಾನು ಸುಮ್ನೆ ದೂರುವುದಿಲ್ಲ. ಸದ್ದಿಲ್ಲ, ಬಿಸಿಯಾಗುವುದಿಲ್ಲ, ಒಂದೇ ಕೆಲಸ ತೆರೆದಾಗ ಚುರುಕಾಗಿಯೇ ಇದೆ. ಪತ್ರ ಬರೆಯಲು, ಪಾಠ ನೋಡಲು ತಗೊಳ್ಳುವವರಿಗೆ 8 ಜಿಬಿ ಸಾಕಾಗಬಹುದು. ನನ್ನ ಕೆಲಸಕ್ಕೆ ಸಾಲದು, ಅದನ್ನು ಮೊದಲೇ ಹೇಳಿದ್ದೆ. ಇನ್ನೊಂದು ವಿಷಯ, ಇದು ದೂರಲ್ಲ, ಕೋರಿಕೆ. ಲ್ಯಾಪ್‌ಟಾಪಿನಿಂದ ಈ ಡಬ್ಬಕ್ಕೆ ಬರುವವರಿಗೆ ಯುಪಿಎಸ್ (ಕರೆಂಟ್ ಹೋದರೂ ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಪೆಟ್ಟಿಗೆ) ಬೇಕಾಗುತ್ತದೆ ಅಂತ ದಯವಿಟ್ಟು ಹೇಳಿ. ಇದರಲ್ಲಿ ಬ್ಯಾಟರಿ ಇಲ್ಲ. ನಮ್ಮ ಏರಿಯಾದಲ್ಲಿ 13ರಂದು ಕರೆಂಟ್ ಹೋದಾಗ ಟ್ಯಾಲಿ ತೆರೆದೇ ಇತ್ತು. ಡೇಟಾ ಉಳಿಯಿತು, ಆದರೆ ಕರೆಂಟ್ ಬರುವವರೆಗೂ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ.

ನಾನು ಕೇಳುವುದು ಜಾಸ್ತಿ ಏನಲ್ಲ. ಈ ಡಬ್ಬ ವಾಪಸ್ ತಗೊಂಡು, ರ್ಯಾಮ್ ಸ್ಲಾಟ್ ಇರುವ ಮಿನಿ ಪಿಸಿಯನ್ನು 16 ಜಿಬಿ ಹಾಕಿ ಕೊಡಿ. ಬೆಲೆಯಲ್ಲಿ ವ್ಯತ್ಯಾಸ ಇದ್ದರೆ ನಾನು ಕೊಡುತ್ತೇನೆ. ಅಂಥದ್ದು ನಿಮ್ಮಲ್ಲಿ ಇಲ್ಲದಿದ್ದರೆ 17,500 ರೂಪಾಯಿ ಪೂರ್ತಿ ವಾಪಸ್ ಕೊಡಿ. ಯಾವುದಾದರೂ ಸರಿ, ಹೊಸ ಬಿಲ್ಲಿನಲ್ಲಿ ಮಾಡೆಲ್ ಮತ್ತು ರ್ಯಾಮಿನ ವಿವರ ಬರೆದಿರಬೇಕು.

ಡಿಸೆಂಬರ್ 11ಕ್ಕೆ ಮುಂದಿನ ಜಿಎಸ್‌ಟಿಆರ್-1 ಸಲ್ಲಿಸಬೇಕು. ಅದಕ್ಕೆ ಮೊದಲು ಯಂತ್ರ ಹೊಂದಿಸಿಕೊಳ್ಳಲು ಸಮಯ ಬೇಕು. ಹಾಗಾಗಿ ಡಿಸೆಂಬರ್ 3ರ ಬುಧವಾರದೊಳಗೆ ಉತ್ತರ ಕೊಡಿ. ಅಷ್ಟರೊಳಗೆ ಬಾರದಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ ನಮ್ಮ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಲ್ಲಿಗೆ ಹೋಗುವ ಆಸೆ ನನಗಿಲ್ಲ. ಹಳೇ ಲ್ಯಾಪ್‌ಟಾಪಿಗೆ ಎರಡು ಸಲ ಬ್ಯಾಟರಿ ಹಾಕಿಕೊಟ್ಟವರು ನೀವೇ, ಅದೇ ನಂಬಿಕೆಯಿಂದ ಈ ಸಲವೂ ನಿಮ್ಮಲ್ಲಿಗೇ ಬಂದೆ.

ಡಬ್ಬ, ಚಾರ್ಜರ್, ಪೆಟ್ಟಿಗೆ ಎಲ್ಲ ಹಾಗೇ ಇಟ್ಟಿದ್ದೇನೆ. ನೀವು ಹೇಳಿದ ದಿನ ತಂದುಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ನಿಟುವಳ್ಳಿ, ದಾವಣಗೆರೆ

ಜೊತೆಗಿರುವುದು: ಬಿಲ್ಲಿನ ನಕಲು, ಟಾಸ್ಕ್ ಮ್ಯಾನೇಜರ್ ಪರದೆಯ ಫೋಟೊ, ಟಿಕ್ ಹಾಕಿದ ಕ್ಯಾಲೆಂಡರ್ ಹಾಳೆಯ ನಕಲು