ಸರ್ ಎಂ.ವಿ. ದಿವಾನಗಿರಿ ಬಿಟ್ಟದ್ದೇಕೆ?

ಪ್ರೀತಿಯ ಗೆಳೆಯ,

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು ನೀನು. ಅದಕ್ಕೇ ಈ ಮಾತನ್ನು ನಿನ್ನ ಮುಂದೆ ಇಡುತ್ತಿದ್ದೇನೆ.

ಮಗಳು ಸೆಪ್ಟೆಂಬರ್ 15ಕ್ಕೆಂದು ವಿಶ್ವೇಶ್ವರಯ್ಯನವರ ಬಗ್ಗೆ ಭಾಷಣ ಬಾಯಿಪಾಠ ಮಾಡುತ್ತಿದ್ದಳು. ಮುದ್ದೇನಹಳ್ಳಿ, ಬೀದಿ ದೀಪದ ಓದು, ಎರಡು ಮೇಣದಬತ್ತಿ, ಕನ್ನಂಬಾಡಿ, 1955ರ ಭಾರತ ರತ್ನ. ನಾವು ಒಪ್ಪಿಸಿದ್ದೂ ಇದನ್ನೇ. ನಡುವೆ ನಿಲ್ಲಿಸಿ, "ಇಷ್ಟು ಒಳ್ಳೆಯ ದಿವಾನರು ಕೆಲಸ ಬಿಟ್ಟದ್ದೇಕೆ?" ಎಂದು ಕೇಳಿದಳು. ಅವಳ ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಉತ್ತರವೇನೂ ಗುಟ್ಟಲ್ಲ. ಮೈಸೂರು ಸಂಸ್ಥಾನದಲ್ಲಿ ಬ್ರಾಹ್ಮಣರು ನೂರಕ್ಕೆ ನಾಲ್ವರೂ ಇರಲಿಲ್ಲ, ಆದರೆ ದೊಡ್ಡ ಹುದ್ದೆಗಳಲ್ಲಿ ಹೆಚ್ಚಿನವು ಅವರ ಕೈಯಲ್ಲಿದ್ದವು. ಉಳಿದ ಸಮುದಾಯಗಳ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮೊರೆಯಿಟ್ಟರು. ನಾಲ್ವಡಿಯವರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಜಾತಿ ನೋಡಿ ನೇಮಿಸಿದರೆ ಆಡಳಿತದ ದಕ್ಷತೆ ಕೆಡುತ್ತದೆ, ಹಿಂದುಳಿದವರಿಗೆ ಶಿಕ್ಷಣ ಮತ್ತು ವಿದ್ಯಾರ್ಥಿವೇತನ ಕೊಟ್ಟು ಮೇಲೆತ್ತೋಣ ಎಂಬುದು ಅವರ ನಿಲುವು. ರಾಜೀನಾಮೆ ಕೊಟ್ಟು ಹೊರನಡೆದರು. ಸಮಿತಿ 1919ರಲ್ಲಿ ವರದಿ ಕೊಟ್ಟಿತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕು. 1921ರಲ್ಲಿ ಸರ್ಕಾರದ ಆದೇಶವೂ ಆಯಿತು.

ನಮ್ಮ ಅಜ್ಜ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರಾಗಿದ್ದದ್ದು ನಿನಗೆ ಗೊತ್ತು. ನಮ್ಮ ವಂಶದಲ್ಲಿ ಸರ್ಕಾರಿ ಸಂಬಳ ಕಂಡವರಲ್ಲಿ ಅವರೇ ಮೊದಲಿಗರು. ಆ ಕೆಲಸ ಸಿಕ್ಕಿದ್ದು ಈ ಆದೇಶದ ನಂತರದ ವರ್ಷಗಳಲ್ಲಿ. ನಡುಮನೆಯ ಗೋಡೆಯಲ್ಲಿ ನಾಲ್ವಡಿಯವರ ಪಟ, ಪಕ್ಕದಲ್ಲೇ ಪೇಟ ತೊಟ್ಟ ವಿಶ್ವೇಶ್ವರಯ್ಯನವರದು. ಎರಡಕ್ಕೂ ಅಜ್ಜ ಹೂವಿಡುತ್ತಿದ್ದರು. ಒಬ್ಬರು ತೆರೆದ ಬಾಗಿಲನ್ನು ಇನ್ನೊಬ್ಬರು ಒಪ್ಪಿರಲಿಲ್ಲ ಎಂಬುದು ನನಗೆ ತಿಳಿದದ್ದು ಕಾಲೇಜು ಮುಗಿದ ಎಷ್ಟೋ ವರ್ಷಗಳ ಮೇಲೆ. ಶಾಲೆ ಇದನ್ನು ನನಗೆ ಹೇಳಬೇಕಿತ್ತು. ಹೇಳದೇ ಹೋದದ್ದಕ್ಕೆ ಇಂದಿಗೂ ಸಿಟ್ಟಿದೆ.

ವಿಶ್ವೇಶ್ವರಯ್ಯನವರ ಮೇಲಿನ ಗೌರವ ನನಗೆ ಎಳ್ಳಷ್ಟೂ ಕಡಿಮೆಯಾಗಿಲ್ಲ. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಎರಡೂ ಅವರ ಕಾಲದವು. ತಾನು ನಂಬಿದ್ದಕ್ಕಾಗಿ ಅಧಿಕಾರ ಬಿಡುವುದೂ ಸಣ್ಣ ಮಾತಲ್ಲ. ಆದರೆ ಈ ವಿಷಯದಲ್ಲಿ ಅವರು ತಪ್ಪಿದರು ಎಂದೇ ನನ್ನ ಅಭಿಪ್ರಾಯ. ಓದಿ ಬರುವವರೆಗೆ ಕಾಯಿರಿ ಎಂಬ ಮಾತನ್ನು ಓದಿ ಬಂದವರಿಗೂ ಕೆಲಸ ಸಿಗದ ಕಾಲದಲ್ಲಿ ಹೇಳಿದಂತಾಯಿತು. ಮಗಳಿಗೆ ಇಷ್ಟನ್ನೂ ಹೇಳಿದೆ. "ಹಾಗಾದರೆ ಇಬ್ಬರೂ ಒಳ್ಳೆಯವರೇ, ಆದರೂ ಜಗಳವಾಡಿದರು" ಎಂದಳು. ಹನ್ನೊಂದು ವರ್ಷದ ಹುಡುಗಿಗೆ ಅರ್ಥವಾಗುವುದನ್ನು ನಾವೇಕೆ ಮುಚ್ಚಿಡಬೇಕು?

ಕನ್ನಂಬಾಡಿಯ ಪಾಠದಲ್ಲೂ ಹಾಗೆಯೇ. ಅಣೆಕಟ್ಟಿಗೆ ಹೆಸರು ಕೊಟ್ಟ ಊರೇ ನೀರಿನಡಿ ಹೋಯಿತು, ಅಲ್ಲಿನವರು ಮನೆ ಹೊಲ ಬಿಟ್ಟು ಎದ್ದರು ಎಂಬ ಮಾತು ನಮ್ಮ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ.

ಈ ಸಲ ನಿನ್ನ ತರಗತಿಯಲ್ಲಿ ಮಿಲ್ಲರ್ ವರದಿಗೆ ಒಂದು ಪೀರಿಯಡ್ ಕೊಡು. ಮಕ್ಕಳು ಏನು ಕೇಳಿದರು, ನೀನು ಏನು ಹೇಳಿದೆ, ಎಲ್ಲವನ್ನೂ ಬರೆ. ಮನೆಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ