ಆ 40 ಗಂಟೆ ಅವನದೇ ಆಗಿರಲಿ

ಪ್ರೀತಿಯ ಪುಟ್ಟಿಗೆ,

ನಿನ್ನ ಮೆಸೇಜ್ ನೋಡಿದೆ. ಮಗ ಸೆಪ್ಟೆಂಬರಿನಲ್ಲಿ ಒಂಬತ್ತನೇ ಗ್ರೇಡಿಗೆ ಹೋಗುತ್ತಾನೆ, 40 ಗಂಟೆ ವಾಲಂಟಿಯರ್ ಕೆಲಸ ಮಾಡಲೇಬೇಕಂತೆ, ನಾವು ಕೆನಡಾದ ಬ್ರಾಂಪ್ಟನ್‌ಗೆ ಬಂದು ಇನ್ನೂ ಎಂಟು ತಿಂಗಳು, ಯಾರೂ ಗೊತ್ತಿಲ್ಲ, ನಿಮ್ಮ ಪರಿಚಯದವರು ಯಾರಾದರೂ ಗಂಟೆಯ ಫಾರಂಗೆ ಸಹಿ ಹಾಕಿಕೊಡುತ್ತಾರಾ ದೊಡ್ಡಮ್ಮ ಅಂತ ಕೇಳಿದ್ದೀಯ. ಫೋನಿನಲ್ಲಿ ಮಾತಾಡಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಸಹಿ ಮಾತ್ರ ಕೊಡಿಸುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ, ಯಾಕೆ ಅಂತ ಹೇಳುತ್ತೇನೆ.

ಮೊದಲು ನಿನ್ನ ಗಾಬರಿ ಕಡಿಮೆಯಾಗಲಿ. ನಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ ಈ ನಿಯಮ 1999ರಿಂದ ಇದೆ. ಹನ್ನೆರಡನೇ ಗ್ರೇಡ್ ಮುಗಿದಾಗ ಹೈಸ್ಕೂಲ್ ಡಿಪ್ಲೊಮಾ ಸಿಗಬೇಕಾದರೆ 30 ಕ್ರೆಡಿಟ್ ಬೇಕು, ಓದು ಬರಹದ ಪರೀಕ್ಷೆ ಆಗಬೇಕು, ಅದರ ಜೊತೆಗೆ ಈ 40 ಗಂಟೆ. ಆದರೆ ನಾಲ್ಕು ವರ್ಷ ಸಮಯವಿದೆ. ವರ್ಷಕ್ಕೆ ಹತ್ತೇ ಗಂಟೆ ಬಂತು. ಎಂಟನೇ ಗ್ರೇಡ್ ಮುಗಿದ ಬೇಸಿಗೆ ರಜೆಯಿಂದಲೇ ಶುರು ಮಾಡಬಹುದು, ಅಂದರೆ ಈ ಜುಲೈನಿಂದಲೇ. ಕೋವಿಡ್ ಹೊತ್ತಿನಲ್ಲಿ 20 ಗಂಟೆಗೆ ಇಳಿಸಿದ್ದರು, ಆ ಲೆಕ್ಕ ಹಿಡಿದುಕೊಂಡು ಯಾರಾದರೂ 20 ಸಾಕು ಅಂದರೆ ನಂಬಬೇಡ. ಕಾಲೇಜಿನಲ್ಲಿ ನೀನು ಎನ್‌ಎಸ್‌ಎಸ್ ಸೇರಿದ್ದೆ ಅಲ್ವಾ? ಅಲ್ಲಿ ಎರಡು ವರ್ಷಕ್ಕೆ 240 ಗಂಟೆ. ಆ ಹಳ್ಳಿಯ ಕ್ಯಾಂಪಿನಿಂದ ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದು ಎಷ್ಟು ಖುಷಿಯಾಗಿ ಕತೆ ಹೇಳಿದ್ದೆ, ನನಗಿನ್ನೂ ನೆನಪಿದೆ.

ಈಗ ನನ್ನ ವಿಷಯ. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ನನ್ನ ಮಗಳು, ನಿನ್ನ ಅಕ್ಕ, ಹನ್ನೆರಡನೇ ಗ್ರೇಡಿಗೆ ಬಂದಾಗ ಅವಳ ಫಾರಂನಲ್ಲಿ ಇದ್ದದ್ದು 12 ಗಂಟೆ. ತಪ್ಪು ನನ್ನದು. ಓದು, ಮಾರ್ಕ್ಸು, ಸಂಗೀತದ ಕ್ಲಾಸು ಅಂತ ಅವಳನ್ನು ಎಲ್ಲಿಗೂ ಬಿಟ್ಟಿರಲಿಲ್ಲ, ಇದನ್ನು ಕೊನೆಗೆ ನೋಡಿಕೊಂಡರಾಯಿತು ಅಂದುಕೊಂಡಿದ್ದೆ. ಮಾರ್ಚ್ ತಿಂಗಳಲ್ಲಿ ಎಚ್ಚರವಾಗಿ ಊರೆಲ್ಲ ಫೋನ್ ಮಾಡಿದೆ. ಪರಿಚಯದವರೊಬ್ಬರು ಒಂದು ಕಾರ್ಯಕ್ರಮ ಮಾಡುತ್ತಿದ್ದರು, ಕಳಿಸಿ ಅಂದರು. ಅವಳು ಹೋಗಿ ಮೂರು ಗಂಟೆ ಕುರ್ಚಿ ಜೋಡಿಸಿ ಬಂದಳು. ಅವರು ಫಾರಂ ಮೇಲೆ ಹತ್ತು ಅಂತ ಬರೆದು ಸಹಿ ಹಾಕಿದರು, ಒಳ್ಳೆಯ ಮನಸ್ಸಿನಿಂದಲೇ. ಕಾರಿನಲ್ಲಿ ಬರುವಾಗ ಅವಳು, "ಅಮ್ಮಾ, ನಾನು ಹತ್ತು ಗಂಟೆ ಇರಲೇ ಇಲ್ವಲ್ಲ" ಅಂದಳು. "ಸುಮ್ನಿರು, ಎಲ್ಲರೂ ಹೀಗೇ ಮಾಡ್ತಾರೆ" ಅಂದೆ. ಪೋಷಕರು ಸಹಿ ಮಾಡುವ ಜಾಗದಲ್ಲಿ ನಾನೇ ಸಹಿ ಮಾಡಿದೆ.

ಶಾಲೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಉಳಿದ ಗಂಟೆಗಳೂ ಹೇಗೋ ತುಂಬಿದವು, ಡಿಪ್ಲೊಮಾ ಬಂತು. ಅವಳೂ ಮತ್ತೆ ಆ ಮಾತು ಎತ್ತಲಿಲ್ಲ. ಸುಳ್ಳು ಹೇಳಬಾರದು ಅಂತ ಎರಡು ವರ್ಷದ ಮಗುವಿನಿಂದ ಹೇಳಿಕೊಂಡು ಬಂದವಳು ನಾನು, ಹದಿನೇಳರ ಹುಡುಗಿ ಸರಿಯಾದ ಮಾತಾಡಿದಾಗ ಬಾಯಿ ಮುಚ್ಚಿಸಿದವಳೂ ನಾನೇ. ಇಷ್ಟು ವರ್ಷವಾದರೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ನೀನು ಆ ಜಾಗದಲ್ಲಿ ನಿಲ್ಲುವುದು ಬೇಡ.

ಅವಳ ತಮ್ಮನ ಸರದಿ ಬಂದಾಗ ನಾನು ಬೇರೆ ಥರ ಮಾಡಿದೆ. ಹತ್ತನೇ ಗ್ರೇಡಿನಲ್ಲಿ ಅವನೇ ಹತ್ತಿರದ ಫುಡ್ ಬ್ಯಾಂಕಿಗೆ, ಅಂದರೆ ಕಷ್ಟದಲ್ಲಿರುವವರಿಗೆ ದಿನಸಿ ಬಿಟ್ಟಿ ಕೊಡುವ ಜಾಗಕ್ಕೆ, ಫೋನ್ ಮಾಡಿ ಶನಿವಾರ ಬೆಳಿಗ್ಗೆ ಹೋಗುವುದು ಅಂತ ಗೊತ್ತು ಮಾಡಿಕೊಂಡ. ಡಬ್ಬಿಗಳ ತಾರೀಖು ನೋಡಿ ಬೇರೆ ಮಾಡುವುದು, ಉಬ್ಬಿದ್ದು ತುಕ್ಕು ಹಿಡಿದದ್ದನ್ನು ತೆಗೆದು ಹಾಕುವುದು, ಅಕ್ಕಿ ಬೇಳೆ ಚೀಲಕ್ಕೆ ತುಂಬುವುದು, ಇಷ್ಟೇ ಕೆಲಸ. ಮೂರನೇ ವಾರವೋ ನಾಲ್ಕನೇ ವಾರವೋ, ಊಟಕ್ಕೆ ಕೂತವನು ಯಾಕೋ ಮಾತೇ ಆಡಲಿಲ್ಲ. ಆಮೇಲೆ ಹೇಳಿದ, ಸಾಲಿನಲ್ಲಿ ತನ್ನ ಕ್ಲಾಸಿನ ಹುಡುಗನೊಬ್ಬ ಅಮ್ಮನ ಜೊತೆ ನಿಂತಿದ್ದನಂತೆ. ಇವನು ಒಳಗೆ ಹೋಗಿ ಬೇರೆಯವರನ್ನು ಕೌಂಟರಿಗೆ ಕಳಿಸಿದನಂತೆ, ಅವನಿಗೆ ಮುಜುಗರ ಆಗಬಾರದು ಅಂತ. ಯಾರು ಅಂತ ಕೇಳಿದೆ. "ಅದು ಹೇಳೋದಲ್ಲಮ್ಮ" ಅಂದ. ಹೆಸರು ಇವತ್ತಿಗೂ ಹೇಳಿಲ್ಲ. ಅಂಥ ಬುದ್ಧಿ ನಾನು ಕೂರಿಸಿಕೊಂಡು ಹೇಳಿಕೊಟ್ಟಿದ್ದರೆ ಬರುತ್ತಿತ್ತಾ? 40 ಗಂಟೆ ಬೇಗನೇ ಮುಗಿಯಿತು, ಅವನು ಮಾತ್ರ ಹನ್ನೆರಡನೇ ಗ್ರೇಡಿನ ತನಕ ಹೋಗುತ್ತಲೇ ಇದ್ದ.

ಯಾವ ಕೆಲಸ ಲೆಕ್ಕಕ್ಕೆ ಬರುತ್ತದೆ ಅಂತ ಕೇಳಿದ್ದೀಯ. ನಿಮ್ಮ ಮನೆ ಮುಂದಿನ ಹಿಮ ಎತ್ತಿದರೆ ಬರಲ್ಲ, ಅದು ಮನೆಗೆಲಸ. ಪಕ್ಕದ ಮನೆಯ ವಯಸ್ಸಾದವರಿಗೆ ದುಡ್ಡು ತೆಗೆದುಕೊಳ್ಳದೆ ಎತ್ತಿಕೊಟ್ಟರೆ ಸಾಮಾನ್ಯವಾಗಿ ಬರುತ್ತದೆ. ಪಾಠದ ಹೊತ್ತಿನಲ್ಲಿ ಮಾಡಿದ್ದು ಬರಲ್ಲ, ಊಟದ ಬಿಡುವಿನಲ್ಲಿ ಮಾಡಿದರೆ ಆಗುತ್ತದೆ. ಸಂಬಳದವರು ಮಾಡುವ ಕೆಲಸವನ್ನು ಬಿಟ್ಟಿ ಮಾಡಿಸಿಕೊಂಡರೆ ಅದೂ ಇಲ್ಲ, ಹಾಗಾಗಿ ಗೊತ್ತಿರುವವರ ಅಂಗಡಿಯಲ್ಲಿ ಕೂರಿಸುವ ಯೋಚನೆ ಬಿಡು. ಪವರ್ ಟೂಲ್ ಹಿಡಿಯುವುದು, ಯಾರಿಗಾದರೂ ಔಷಧಿ ಕೊಡುವುದು, ಇವೆಲ್ಲ ನಿಷಿದ್ಧ. ಸ್ಕೂಲ್ ಬೋರ್ಡಿನವರ ಹತ್ತಿರ ಒಪ್ಪಿದ ಕೆಲಸಗಳ ಪಟ್ಟಿ ಇರುತ್ತದೆ, ಅದರಲ್ಲಿ ಇಲ್ಲದ್ದಾದರೆ ಪ್ರಿನ್ಸಿಪಾಲರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು, ಅದೂ ಕೆಲಸ ಶುರು ಮಾಡುವುದಕ್ಕೆ ಮುಂಚೆ. ದೇವಸ್ಥಾನದ ಕೆಲಸವಾದರೂ ಮೊದಲೇ ಕೇಳಿಕೊಳ್ಳಿ. ಮಾಡಿಬಿಟ್ಟು ಆಮೇಲೆ ಕೇಳಿದರೆ ಮಗುವಿನ ಶ್ರಮ ಸುಮ್ನೆ ಹೋಗುತ್ತದೆ.

ಅವನು ನಾಚಿಕೆ ಸ್ವಭಾವದವನು, ಜನ ಜಾಸ್ತಿ ಇದ್ದರೆ ಮುದುರಿಕೊಳ್ಳುತ್ತಾನೆ, ಅದು ನನಗೂ ಗೊತ್ತು. ನಮ್ಮ ಮನೆ ಮದುವೆಗಳಲ್ಲಿ ಪಂಕ್ತಿಗೆ ಬಡಿಸಲು ಮಕ್ಕಳನ್ನು ಹೇಗೆ ಬಿಡುತ್ತಿದ್ದೆವು ನೆನಪಿದೆಯಾ? ಮೊದಲ ಸಲಕ್ಕೆ ಯಾರೂ ಸಾರಿನ ಬಕೆಟ್ ಕೊಡುತ್ತಿರಲಿಲ್ಲ. ನೀರಿನ ಜಗ್ಗು ಕೊಡುತ್ತಿದ್ದೆವು. ನೀನೂ ಚೆಲ್ಲಿದ್ದೀಯ, ಯಾರೂ ಬೈಯಲಿಲ್ಲ, ಮುಂದಿನ ಮದುವೆಗೆ ಉಪ್ಪು, ಪಲ್ಯದ ತನಕ ಬಂದಿದ್ದೆ. ಇವನಿಗೂ ನೀರಿನ ಜಗ್ಗಿನಂಥ ಕೆಲಸ ಹುಡುಕಿ. ಓದುವುದು ಅವನಿಗೆ ಇಷ್ಟ ಅಲ್ವಾ, ಲೈಬ್ರರಿಯಲ್ಲಿ ಪುಟ್ಟ ಮಕ್ಕಳಿಗೆ ಓದಿ ಹೇಳಲು ದೊಡ್ಡ ಮಕ್ಕಳು ಬೇಕಾ ಅಂತ ಕೇಳಿ ನೋಡಲಿ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಚಿಕ್ಕವರ ಕೈ ಹಿಡಿದು ಅ ಆ ಇ ಈ ತಿದ್ದಿಸುವ ಕೆಲಸವನ್ನು ಅವನು ಇವತ್ತೇ ಮಾಡಬಲ್ಲ. ಇಲ್ಲಿನ ಮಕ್ಕಳಿಗಿಂತ ಅವನ ಕನ್ನಡ ಚೆನ್ನಾಗಿದೆ. ಎಲ್ಲರೂ ಅವನ ಇಂಗ್ಲಿಷ್ ತಿದ್ದುತ್ತಿರುವ ಈ ಹೊತ್ತಿನಲ್ಲಿ, ತಾನೂ ಒಬ್ಬರಿಗೆ ಹೇಳಿಕೊಡಬಲ್ಲೆ ಅಂತ ಅವನಿಗೆ ಗೊತ್ತಾಗುವುದು ಒಳ್ಳೆಯದು.

ಫೋನ್ ಅವನೇ ಮಾಡಲಿ. ಏನು ಕೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಳ್ಳಲಿ, ಬೇಕಾದರೆ ನಿನ್ನ ಮುಂದೆ ಎರಡು ಸಲ ಹೇಳಿ ನೋಡಲಿ, ಆದರೆ ಮಾಡುವಾಗ ನೀನು ಅಡುಗೆಮನೆಯಲ್ಲಿರು. ಒಂದು ಕಡೆ ಇಲ್ಲ ಅಂದರೆ ಇನ್ನೊಂದು ಕಡೆ ಮಾಡಲಿ. ಪ್ರತಿ ಸಲ ಕೆಲಸ ಮುಗಿದ ದಿನವೇ ಗಂಟೆ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಬೇಕು, ನೀನು ಫಾರಂನ ಫೋಟೊ ತೆಗೆದಿಟ್ಟುಕೋ. ಹೋಗಿ ಬರಲು ಬಸ್ಸಿಲ್ಲದ ಜಾಗವಾದರೆ ನಿಮ್ಮ ದೊಡ್ಡಪ್ಪ ಕಾರಿನಲ್ಲಿ ಬಿಡುತ್ತಾರೆ, ಅವರೇ ಹೇಳಿದ್ದಾರೆ.

ಮೊದಲ ದಿನ ಬಂದಮೇಲೆ ಎಷ್ಟು ಗಂಟೆಯಾಯಿತು ಅಂತ ಕೇಳಬೇಡ. ಊಟಕ್ಕೆ ಹಾಕು, ಅವನಾಗಿಯೇ ಹೇಳುತ್ತಾನೆ. ರಾತ್ರಿ ನನಗೆ ಫೋನ್ ಮಾಡಿಸು, ಕಾಯುತ್ತಿರುತ್ತೇನೆ.

ನಿನ್ನ,
ದೊಡ್ಡಮ್ಮ