ಪಟ್ಟದಕಲ್ಲಿಗೆ ಹೊಂಟಾಕಿಗೆ ಕಾಕಾನ ಪತ್ರ

ಚಿ. ಪವ್ವಿಗೆ ಕಾಕಾನ ಆಶೀರ್ವಾದ.

ನೀ ಮತ್ತ ನಿನ್ನ ಫ್ರೆಂಡ್ಸು ಬದಾಮಿ, ಐಹೊಳೆ, ಪಟ್ಟದಕಲ್ಲು ಮೂರೂ ಒಂದ ದಿನದಾಗ ನೋಡೂ ಪ್ಲಾನ್ ಹಾಕೀರಂತ ನಿಮ್ಮವ್ವ ಫೋನಿನ್ಯಾಗ ಹೇಳಿದ್ಲು. ಹಂಗ ಮಾಡಬ್ಯಾಡ್ರಿ. ಪಟ್ಟದಕಲ್ಲಿಗೆ ಅರ್ಧ ದಿನಾರ ಕೊಡ್ರಿ. ಬದಾಮಿಯಿಂದ 22 ಕಿಲೋಮೀಟರ್ ಅಷ್ಟ, ಮುಂಜಾನೆ ಲಗೂನ ಹೋಗ್ರಿ, ವಿರೂಪಾಕ್ಷನ ಗುಡಿಯಾಗ ಇನ್ನೂ ಪೂಜಿ ನಡೀತೈತಿ, ಚಪ್ಪಲಿ ಹೊರಗ ಬಿಡಬೇಕು, ಬಿಸಲೇರಿದ್ರ ಆ ಕಲ್ಲಿನ ಮ್ಯಾಲೆ ಕಾಲಿಡಾಕ ಆಗೂದಿಲ್ಲ.

ಆ ಗುಡಿ ಕಟ್ಟಿಸಿದಾಕಿ ರಾಣಿ ಲೋಕಮಹಾದೇವಿ, 740ರ ಸುಮಾರಿಗೆ. ಗಂಡ, ಬದಾಮಿ ಚಾಲುಕ್ಯರ ರಾಜ ಎರಡನೇ ವಿಕ್ರಮಾದಿತ್ಯ, ಪಲ್ಲವರ ಕಂಚಿಯನ್ನ ಮೂರು ಸಲ ಗೆದ್ದ ಅಂತ ಅದರ ನೆನಪಿಗೆ. ಇಷ್ಟು ಎಲ್ಲಾ ಗೈಡೂ ಹೇಳ್ತಾರ. ಆದ್ರ ಕಂಚಿಯೊಳಗ ಕೈಲಾಸನಾಥನ ಗುಡಿಯಾಗ ಇದ ವಿಕ್ರಮಾದಿತ್ಯನ ಕನ್ನಡ ಶಾಸನ ಐತಿ, ಆ ದೇವರ ಸಂಪತ್ತು ನೋಡಿ ಅದನ್ನ ತಾ ಇಟ್ಕೊಳ್ಳದ ದೇವರಿಗೇ ಬಿಟ್ಟ ಅಂತ, ಗೆದ್ದ ಊರಾಗ ನಿಂತು ಕನ್ನಡದಾಗ ಬರೆಸ್ಯಾನ, ಅದನ್ನ ಯಾರೂ ಹೇಳೂದಿಲ್ಲ. ಆ ಕಂಚಿ ಗುಡಿಯ ಛಾಪು ಇಲ್ಲಿ ವಿರೂಪಾಕ್ಷನ ಮ್ಯಾಲೆ ಕಾಣ್ತೈತಿ, ಮುಂದ ಎಲ್ಲೋರಾದ ಕೈಲಾಸ ಕಡಿದವ್ರೂ ಇದನ್ನ ನೋಡೇ ಕಡಿದ್ರು ಅಂತ ಬಲ್ಲವ್ರು ಹೇಳ್ತಾರ. ಗೆದ್ದಾವ ಸೋತಾವನ ಕಡೆಯಿಂದ ಕಲ್ತಾನ ನೋಡು.

ಮೂಡಣ ಬಾಗಲದಿಂದ ಒಳಗ ಹೋಗ್ರಿ, ಮಲಪ್ರಭಾ ಹೊಳಿ ಕಡೆ ಐತಿ. ಅಲ್ಲೇ ಗುಂಡ ಅನಿವಾರಿತಾಚಾರಿ ಅನ್ನೂ ಸೂತ್ರಧಾರಿ, ಅಂದ್ರ ಗುಡಿ ಕಟ್ಟಿದ ಮುಖ್ಯ ಶಿಲ್ಪಿ, ಅವನ ಹೆಸರಿನ ಶಾಸನ ಐತಿ, ಅವಂಗ ತ್ರಿಭುವನಾಚಾರಿ ಅಂತ ಬಿರುದೂ ಸಿಕ್ಕಿತ್ತು. ಸರ್ವಸಿದ್ಧಿ ಆಚಾರಿ ಅಂತ ಇನ್ನೊಬ್ಬಾತ ಅದಾನ. ಹಳೇ ಗುಡಿ ಕಟ್ಟಿದವ್ರ ಹೆಸರು ನಮಗ ಗೊತ್ತ ಇಲ್ಲ ಅಂತ ಯಾರರ ಅಂದ್ರ ಇಲ್ಲಿಗೆ ಕರ್ಕೊಂಡು ಬಾ. ಹಾಡೂ ಗಾಂಧರ್ವರಿಗೆ ಮೊದಲಿನ ರಾಜ ಕೊಟ್ಟದ್ದನ್ನ ರಾಣಿ ಕಾಯಂ ಮಾಡಿದ ಶಾಸನಾನೂ ಐತಿ. ಗುಡಿ ಅಂದ್ರ ಅವಾಗ ಬರೇ ದೇವರ ಮನಿ ಅಲ್ಲ, ಎಷ್ಟೋ ಮಂದಿ ಹೊಟ್ಟಿ ಅದರಿಂದ ನಡೀತಿತ್ತು.

ಒಳಗ ಹೋಗೂವಾಗ ತಲಿ ಎತ್ತು. ಮೂಡಣ ಮುಖಮಂಟಪದ ಛತ್ತಿನ್ಯಾಗ ರಥದ ಮ್ಯಾಲೆ ಸೂರ್ಯ ಅದಾನ. ಅಲ್ಲಿಂದ ಸಭಾಮಂಟಪ, ಬೆಳಕು ಜಾಲಂಧ್ರದಿಂದ, ಅಂದ್ರ ತೂತು ಕೊರೆದ ಕಲ್ಲಿನ ಕಿಟಕಿಯಿಂದ, ಸೋಸಿ ಬರ್ತೈತಿ, ಕಂಬದ ಮ್ಯಾಲೆ ಜಟಾಯು, ಶರಶಯ್ಯೆ ಮ್ಯಾಲಿನ ಭೀಷ್ಮ, ಎಲ್ಲಾ ಕಥಿ ಅದಾವು. ಆಮ್ಯಾಲೆ ಗರ್ಭಗುಡಿ, ಅಲ್ಲಿ ಕಥೀನೂ ಇಲ್ಲ, ಬೆಳಕೂ ಇಲ್ಲ, ಒಂದು ಲಿಂಗ ಅಷ್ಟ. ಜಗತ್ತಿನ ಗದ್ದಲದಿಂದ ರೂಪ ಇಲ್ಲದ್ದರ ಕಡೆ ನಡಿಯೂ ದಾರಿ ಅಂತ ನಾ ತಿಳ್ಕೊಂಡೀನಿ. ಮೊಬೈಲ್ ಟಾರ್ಚ್ ಹಚ್ಚಿದ್ರ ಅದು ಕಾಣೂದಿಲ್ಲ, ದಯಮಾಡಿ ಹಚ್ಚಬ್ಯಾಡ.

ಹೊರಗ ಬಂದು ಶಿಖರ ನೋಡು. ವಿರೂಪಾಕ್ಷ, ಮಲ್ಲಿಕಾರ್ಜುನ, ಸಂಗಮೇಶ್ವರ ಅಂತಸ್ತು ಅಂತಸ್ತಾಗಿ ಏರ್ತಾವು, ಅದು ದಕ್ಷಿಣದ ದ್ರಾವಿಡ ಶೈಲಿ. ಗಳಗನಾಥ, ಜಂಬುಲಿಂಗ ಬಾಗಿಕೊಂತ ಏರ್ತಾವು, ಅದು ಉತ್ತರದ ನಾಗರ ಶೈಲಿ. ಉತ್ತರದ್ದೂ ದಕ್ಷಿಣದ್ದೂ ಒಂದ ಬಯಲಾಗ. ಗುಡಿ ಕಟ್ಟೂ ವಿದ್ಯಾಕ್ಕ ಐಹೊಳೆ ಸ್ಕೂಲು, ಬದಾಮಿ ಕಾಲೇಜು, ಪಟ್ಟದಕಲ್ಲು ಯೂನಿವರ್ಸಿಟಿ ಅಂತ ಒಂದು ಡೈಲಾಗ್ ಐತಿ, ನಂಗ ಅದು ಸೇರೂದಿಲ್ಲ. ಕಟ್ಟಿದವ್ರೇನು ಇಲ್ಲಿ ಪರೀಕ್ಷಾಕ್ಕ ಕುಂತಿರಲಿಲ್ಲ, ಎರಡೂ ಗೊತ್ತಿದ್ದ ಎರಡೂ ಬೇಕಂತ ಕಟ್ಟಿದ್ರು.

ಪಾಪನಾಥನ ಗುಡಿ ಸ್ವಲ್ಪ ದಕ್ಷಿಣಕ್ಕ ಸರಿದೈತಿ, ದಣದೀವಂತ ಭಾಳ ಮಂದಿ ಅರ್ಧಕ್ಕ ತಿರುಗಿ ಬಿಡ್ತಾರ. ನೀ ಬಿಡಬ್ಯಾಡ, ಹೊರಗ್ವಾಡಿ ಮ್ಯಾಲೆ ರಾಮಾಯಣ ಐತಿ, ಹೆಸರು ಹಳಗನ್ನಡ ಲಿಪಿಯಾಗ ಕೆತ್ಯಾರ.

1987ರಾಗ ಯುನೆಸ್ಕೋ ಪಟ್ಟಿಗೆ ಸೇರಿದ್ರೂ ಮಲಪ್ರಭಾ ಯಾರ ಮಾತೂ ಕೇಳೂದಿಲ್ಲ, 2019ರ ಆಗಸ್ಟಿನ್ಯಾಗ ಗುಡಿಯೊಳಗ ನೀರು ಬಂದಿತ್ತು. ಮಳಿ ಜೋರಿದ್ರ ಹೊಂಡೂ ಮೊದಲು ಕೇಳ್ಕೊಂಡು ಹೋಗ್ರಿ. ಐಹೊಳೆ ಮರುದಿನ ಮಾಡ್ರಿ, ಬದಾಮಿಯಾಗ ಉಳ್ಕೊಳ್ಳೂ ವ್ಯವಸ್ಥಾ ನಾ ಮಾಡಿಕೊಡ್ತೀನಿ, ಎಷ್ಟು ಮಂದಿ ಅಂತ ತಿಳಿಸು.

ನಿನ್ನ ಕಾಕಾ